ವರ್ಡ್‌ಪ್ರೆಸ್ ಸೈಟಿಗೆ ಯಾವುದು: ಶೇರ್ಡ್ ಹೋಸ್ಟಿಂಗಾ, ವಿಪಿಎಸ್ಸಾ?

ಶೇರ್ಡ್ ಅಂದ್ರೆ ಒಂದೇ ಸರ್ವರ್‌ನಲ್ಲಿ ಹತ್ತಾರು, ನೂರಾರು ಸೈಟುಗಳು. ಪಿಎಚ್‌ಪಿ (ವರ್ಡ್‌ಪ್ರೆಸ್ ಬರೆದಿರುವ ಪ್ರೋಗ್ರಾಮಿಂಗ್ ಭಾಷೆ), ಡೇಟಾಬೇಸ್, ಸರ್ವರ್ ಅಪ್‌ಡೇಟ್ ಎಲ್ಲ ಹೋಸ್ಟಿಂಗ್ ಕಂಪನಿಯವರೇ ನೋಡಿಕೊಳ್ಳುತ್ತಾರೆ. ಆದ್ರೆ ಪಕ್ಕದ ಸೈಟಿಗೆ ಜನ ನುಗ್ಗಿದರೆ ನಿಮ್ಮದೂ ಕುಂಟಬಹುದು.

ವಿಪಿಎಸ್ ಅಂದ್ರೆ ವರ್ಚುವಲ್ ಪ್ರೈವೇಟ್ ಸರ್ವರ್, ಒಂದು ದೊಡ್ಡ ಸರ್ವರ್‌ನಲ್ಲಿ ನಿಮಗೇ ಅಂತ ಬೇರ್ಪಡಿಸಿದ ಭಾಗ. ಇಲ್ಲಿ ಮೆಮೊರಿ ನಿಮಗೇ ಮೀಸಲು, ರೂಟ್ ಅಕ್ಸೆಸ್ (ಸರ್ವರ್ ಮೇಲೆ ಪೂರ್ತಿ ಹಿಡಿತ) ಕೂಡ ಸಿಗುತ್ತದೆ. ಜೊತೆಗೆ ಲಿನಕ್ಸ್ ಅಪ್‌ಡೇಟ್, ಫೈರ್‌ವಾಲ್, ಎಸ್‌ಎಸ್‌ಎಲ್ (ಸೈಟಿನ ಸಂಪರ್ಕ ಸುರಕ್ಷಿತವಾಗಿಡುವ ಪ್ರಮಾಣಪತ್ರ) ಎಲ್ಲವೂ ನಿಮ್ಮ ತಲೆಗೇ. ಕಮಾಂಡ್ ಲೈನ್ ಕಂಡರೆ ಕೈ ನಡುಗುತ್ತೆ ಅನ್ನುವವರು ಸುಮ್ನೆ ಆ ಕಡೆ ಹೋಗಬೇಡಿ.

ಹೆಚ್ಚು ಜನ ಗಮನಿಸದ ವ್ಯತ್ಯಾಸ ಕ್ರಾನ್‌ನಲ್ಲಿದೆ, ಅಂದ್ರೆ ಹೇಳಿದ ಸಮಯಕ್ಕೆ ಕೆಲಸಗಳನ್ನು ತಾನೇ ಮಾಡುವ ವ್ಯವಸ್ಥೆಯಲ್ಲಿ. ವರ್ಡ್‌ಪ್ರೆಸ್‌ನ ಸ್ವಂತ ಕ್ರಾನ್ ಯಾರಾದರೂ ಪುಟ ತೆರೆದಾಗ ಮಾತ್ರ ಓಡುತ್ತದೆ, ಹಾಗಾಗಿ ಜನ ಕಡಿಮೆ ಬರುವ ಸೈಟಿನಲ್ಲಿ ಬೆಳಗ್ಗೆ 6ಕ್ಕೆ ಶೆಡ್ಯೂಲ್ ಮಾಡಿದ ಪೋಸ್ಟ್ ಮಧ್ಯಾಹ್ನ ಕಾಣಿಸಿಕೊಳ್ಳುವುದೂ ಉಂಟು. ವಿಪಿಎಸ್‌ನಲ್ಲಿ ಸರ್ವರ್‌ನದೇ ಕ್ರಾನ್ ಹಾಕಿದರೆ ಮುಗೀತು. ಶೇರ್ಡ್‌ನಲ್ಲೂ ಹಲವರು ಈ ಸೌಲಭ್ಯ ಕೊಡುತ್ತಾರೆ, ದುಡ್ಡು ಕಟ್ಟುವ ಮುಂಚೆ ಕೇಳಿಬಿಡಿ.

ಪ್ಲಗಿನ್ ಅಪ್‌ಡೇಟ್ ಆಗಿ ಸೈಟ್ ಬರೀ ಬಿಳಿ ಪರದೆ ತೋರಿಸಿದರೆ ಎರಡೂ ಕಡೆ ಮದ್ದು ಒಂದೇ: ಆ ಪ್ಲಗಿನ್ ಫೋಲ್ಡರಿನ ಹೆಸರು ಬದಲಿಸಿ, ಅದು ತಾನೇ ನಿಷ್ಕ್ರಿಯವಾಗುತ್ತದೆ. ಬ್ಯಾಕಪ್ಪೂ ಅಷ್ಟೇ, ಫೈಲುಗಳ ಜೊತೆ ಡೇಟಾಬೇಸನ್ನೂ ಬೇರೆ ಜಾಗದಲ್ಲಿ ಇಡಿ. ಲೇಖನಗಳೆಲ್ಲ ಇರುವುದು ಡೇಟಾಬೇಸಿನಲ್ಲೇ ಅಲ್ವಾ?

ಸಣ್ಣ ಸೈಟಿಗೆ ನನ್ನ ಓಟು ಶೇರ್ಡ್‌ಗೆ. ವೂಕಾಮರ್ಸ್ (ವರ್ಡ್‌ಪ್ರೆಸ್‌ನಲ್ಲಿ ಆನ್‌ಲೈನ್ ಅಂಗಡಿ ನಡೆಸುವ ಪ್ಲಗಿನ್) ಅಂಗಡಿ ತೆರೆಯುವುದಾದರೆ ವಿಪಿಎಸ್ಸೇ ಸರಿ, ಯಾಕಂದ್ರೆ ಕಾರ್ಟ್, ಚೆಕ್‌ಔಟ್ ಪುಟಗಳನ್ನು ಕ್ಯಾಶ್ ಮಾಡಿಡಲು (ಸಿದ್ಧ ಪ್ರತಿ ಉಳಿಸಿಟ್ಟು ಎಲ್ಲರಿಗೂ ಅದನ್ನೇ ತೋರಿಸಲು) ಆಗುವುದಿಲ್ಲ, ಪ್ರತಿ ಗ್ರಾಹಕನಿಗೂ ಸರ್ವರ್ ಹೊಸದಾಗಿ ದುಡಿಯಬೇಕು.