ಸಿಎನ್‌ಜಿ ಕಿಟ್: ಮೈಲೇಜ್ ಸರಿ, ವಾಲ್ವ್ ಗ್ಯಾಪ್ ನೋಡಿಸಿದ್ರಾ?

ನನ್ನ 1.2 ಲೀಟರ್ ಪೆಟ್ರೋಲ್ ಕಾರಿಗೆ ಹೊರಗಡೆ ಸೀಕ್ವೆನ್ಷಿಯಲ್ ಸಿಎನ್‌ಜಿ ಕಿಟ್ ಹಾಕಿಸಿ ವರ್ಷಗಳೇ ಆದವು. ಓಡಾಟ ಜಾಸ್ತಿ ಬೆಂಗಳೂರು–ತುಮಕೂರು ರಸ್ತೆಯಲ್ಲಿ. ಮೈಲೇಜ್ ಬಗ್ಗೆ ತಕರಾರಿಲ್ಲ, ಕಿಟ್‌ಗೆ ಹಾಕಿದ ದುಡ್ಡು ಎಂದೋ ಹುಟ್ಟಿದೆ. ಸಿಲಿಂಡರ್ ಕೂತು ಡಿಕ್ಕಿಯ ಜಾಗ ಹೋಯಿತು, ಏರಿನಲ್ಲಿ ಎಳೆತ ಕಮ್ಮಿ. ಇವೆಲ್ಲ ಎಲ್ಲರಿಗೂ ಗೊತ್ತಿರುವುದೇ.

ಸಿಲಿಂಡರ್ ತುಂಬಿದಾಗ ಗ್ಯಾಸ್ 200 ಬಾರ್ ಒತ್ತಡದಲ್ಲಿರುತ್ತದೆ. ಇಂಜಿನ್‌ಗೆ ಗ್ಯಾಸ್ ಚಿಮ್ಮಿಸುವ ಇಂಜೆಕ್ಟರ್‌ಗೆ ಬೇಕಾಗಿರುವುದು ಸುಮಾರು 2 ಬಾರ್. ಅಷ್ಟನ್ನೂ ಇಳಿಸುವುದು ಬಾನೆಟ್ ಒಳಗೆ ಕೂತಿರುವ ಪುಟ್ಟ ರೆಗ್ಯುಲೇಟರ್. ಒತ್ತಡ ಇಳಿದಾಗ ಗ್ಯಾಸ್ ವಿಪರೀತ ತಣ್ಣಗಾಗುತ್ತದೆ. ರೆಗ್ಯುಲೇಟರ್ ಹೆಪ್ಪುಗಟ್ಟದಿರಲಿ ಅಂತ ಇಂಜಿನ್‌ನ ಬಿಸಿ ಕೂಲಂಟನ್ನು ಅದರೊಳಗೆ ಹಾಯಿಸಿರುತ್ತಾರೆ. ಬೆಳಗ್ಗೆ ಗಾಡಿ ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ಗ್ಯಾಸ್‌ಗೆ ಹೋಗುವುದು ಇದಕ್ಕೇ. ಈ ರೆಗ್ಯುಲೇಟರ್ ಇವತ್ತಿಗೂ ಗಟ್ಟಿಮುಟ್ಟಾಗಿದೆ.

ಇಂಜೆಕ್ಟರ್‌ಗಳು ಅಷ್ಟು ಒಳ್ಳೆಯವಲ್ಲ. ಬಂಕ್‌ನ ಕಂಪ್ರೆಸರ್ ಆಯಿಲ್ ಚೂರುಪಾರು ಗ್ಯಾಸ್ ಜೊತೆ ಬಂದು ಒಳಗೆ ಅಂಟಿಕೊಳ್ಳುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಗಾಡಿ ನಡುಗತೊಡಗಿತು. ಫಿಲ್ಟರ್ ಬದಲಿಸಿ ಇಂಜೆಕ್ಟರ್ ಕ್ಲೀನ್ ಮಾಡಿಸಿದ ಮೇಲೆ ಸರಿಹೋಯಿತು. ಫಿಲ್ಟರ್ ಬೆಲೆ ಜುಜುಬಿ. ಕಿಟ್ ಹಾಕಿದವರು ಮಾತ್ರ ಅದರ ಸುದ್ದಿಯನ್ನೇ ಎತ್ತಿರಲಿಲ್ಲ.

ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದದ್ದು ಗಾಳಿ, ಇಂಧನ ಒಳಬಿಟ್ಟು ಹೊಗೆ ಹೊರಬಿಡುವ ಇಂಜಿನ್ ವಾಲ್ವ್ ಬಗ್ಗೆ. 3000 ಆರ್‌ಪಿಎಂನಲ್ಲಿ ಒಂದೊಂದು ವಾಲ್ವ್ ಸೆಕೆಂಡಿಗೆ 25 ಸಲ ಸೀಟಿಗೆ, ಅಂದರೆ ಅದು ಕೂತು ಮುಚ್ಚುವ ಲೋಹದ ಉಂಗುರಕ್ಕೆ, ಬಡಿಯುತ್ತದೆ. ಹಿಂದೆ ಪೆಟ್ರೋಲ್‌ನಲ್ಲಿದ್ದ ಸೀಸ ಸೀಟಿನ ಮೇಲೆ ಪದರ ಕಟ್ಟಿ ಕಾಪಾಡುತ್ತಿತ್ತು. 2000ರ ಫೆಬ್ರವರಿಗೆ ದೇಶದಲ್ಲಿ ಸೀಸದ ಪೆಟ್ರೋಲ್ ಬಂದ್ ಆಯಿತು, ಗಟ್ಟಿ ಲೋಹದ ಸೀಟುಗಳು ಮಾಮೂಲಾದವು. ಆದರೆ ಪೆಟ್ರೋಲ್‌ಗೆ ಸಾಕಾಗುವ ಸೀಟು ಗ್ಯಾಸ್‌ಗೂ ಸಾಕು ಅನ್ನುವಂತಿಲ್ಲ. ಸಿಎನ್‌ಜಿಯಲ್ಲಿ ಸೀಟನ್ನು ಕಾಪಾಡುವಷ್ಟು ಪಸೆ ಇಲ್ಲ. ಬಿಸಿ ವಾಲ್ವ್ ಒಣ ಸೀಟನ್ನು ಜಜ್ಜಿ ಜಜ್ಜಿ ಸವೆಸುತ್ತದೆ.

ಇಲ್ಲೇ ಮೋಸ ಇರುವುದು. ವಾಲ್ವನ್ನು ಒತ್ತುವ ಟ್ಯಾಪೆಟ್ ಸವೆದರೆ ಟಕಟಕ ಸದ್ದು ಬರುತ್ತದೆ, ಅಲ್ವಾ? ಸೀಟು ಸವೆದರೆ ಉಲ್ಟಾ. ವಾಲ್ವ್ ಸೀಟಿನೊಳಗೆ ಇಳಿದಷ್ಟೂ ಟ್ಯಾಪೆಟ್ ಗ್ಯಾಪ್ (ವಾಲ್ವ್ ಗ್ಯಾಪ್ ಅನ್ನುವುದೂ ಇದನ್ನೇ, ವಾಲ್ವ್ ಪೂರ್ತಿ ಮುಚ್ಚಲಿ ಅಂತ ಬಿಟ್ಟಿರುವ ಸಂದು) ಕಿರಿದಾಗುತ್ತದೆ, ಇಂಜಿನ್ ಇನ್ನಷ್ಟು ಸೈಲೆಂಟ್ ಆಗುತ್ತದೆ. "ಸೌಂಡೇ ಇಲ್ಲ ಸಾರ್, ಸುಮ್ನೆ ಯಾಕೆ ಬಿಚ್ಚಿಸ್ತೀರಾ?" ಅಂದ ಮೆಕ್ಯಾನಿಕ್. ಹಟ ಹಿಡಿದು ಸಂದು ಅಳೆಯುವ ಫೀಲರ್ ಗೇಜ್ ಹಾಕಿಸಿದೆ. ಒಳಬಿಡುವ ಇಂಟೇಕ್ ಕಡೆ ಎಲ್ಲ ಸರಿಯಿತ್ತು. ಹೊಗೆ ಹೊರಬಿಡುವ ಎಕ್ಸಾಸ್ಟ್ ಕಡೆ ಎರಡು ವಾಲ್ವ್‌ಗಳಲ್ಲಿ ಗೇಜಿನ ತೀರಾ ತೆಳ್ಳನೆಯ ಪಟ್ಟಿಯೂ ತಿಣುಕಿಕೊಂಡು ಒಳಗೆ ಹೋಯಿತು. ಆತ ಮತ್ತೆ ಮಾತಾಡಲಿಲ್ಲ. ಹಾಗೇ ಬಿಟ್ಟಿದ್ದರೆ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗಿ, ಇಂಜಿನ್‌ನ ಮೇಲ್ಭಾಗವಾದ ಹೆಡ್ಡನ್ನೇ ಇಳಿಸಬೇಕಾಗುತ್ತಿತ್ತು. ತೆಳು ಬಕೆಟ್ (ಬಟ್ಟಲಿನಂಥ ಟ್ಯಾಪೆಟ್) ಹಾಕಿಸಿ ಗ್ಯಾಪ್ ಸರಿ ಮಾಡಿಸಿದೆ. ಆಯಿಲ್ ಒತ್ತಡದಿಂದ ಗ್ಯಾಪನ್ನು ತಾನೇ ಸರಿ ಮಾಡಿಕೊಳ್ಳುವ ಹೈಡ್ರಾಲಿಕ್ ಲಿಫ್ಟರ್ ಇರುವ ಇಂಜಿನ್‌ನಲ್ಲಿ ಈ ಅಳತೆ ನಡೆಯಲ್ಲ, ಇಂಜಿನ್ ಒಳಗಿನ ಒತ್ತಡ, ಅಂದರೆ ಕಂಪ್ರೆಷನ್, ಚೆಕ್ ಮಾಡಿಸಿ.

ಐದಕ್ಕೆ ಮೂರೂವರೆ ಸ್ಟಾರ್. ಅರ್ಧ ಕಳೆದದ್ದು ಇಂಜೆಕ್ಟರ್‌ಗೆ, ಪೂರ್ತಿ ಒಂದು ಸ್ಟಾರ್ ಕಳೆದದ್ದು ವಾಲ್ವ್ ಬಗ್ಗೆ ಬಾಯಿ ಬಿಡದ ಕಿಟ್‌ನವರಿಗೆ. ಹೊಸ ಗಾಡಿಯನ್ನೇ ಕೊಳ್ಳುವುದಾದರೆ ಕಂಪನಿಯಿಂದಲೇ ಸಿಎನ್‌ಜಿ ಬರುವುದನ್ನು ನೋಡಿ, ಗ್ಯಾಸ್‌ಗೆ ತಕ್ಕ ಬೇರೆ ವಾಲ್ವ್ ಸೀಟು ಹಾಕಿದ್ದಾರಾ ಅಂತ ಕೇಳಿ. ಮೂರು ವರ್ಷಕ್ಕೊಮ್ಮೆ ಸಿಲಿಂಡರ್‌ಗೆ ಹೈಡ್ರೋ ಟೆಸ್ಟ್ (ನೀರು ತುಂಬಿ ಮಾಡುವ ಒತ್ತಡದ ಪರೀಕ್ಷೆ) ಕಡ್ಡಾಯ. ನಾನು ಟ್ಯಾಪೆಟ್ ಗ್ಯಾಪ್ ಚೆಕ್ಕನ್ನೂ ಅದೇ ವಾರಕ್ಕೆ ಇಟ್ಟುಕೊಳ್ಳುತ್ತೇನೆ, ಸಿಲಿಂಡರ್ ಟೆಸ್ಟ್‌ಗೆ ಹೋದಾಗ ಹೇಗೂ ಗ್ಯಾಸ್ ಇರಲ್ಲ.