ಟಿ ಕೋಶ ಗಡ್ಡೆಯೊಳಗೆ ನುಗ್ಗುತ್ತಾ? ಟ್ರಾನ್ಸ್‌ವೆಲ್ ಮತ್ತು ಸ್ಫೆರಾಯ್ಡ್, ಎರಡನ್ನೂ ಬಳಸಿ ನೋಡಿದ ಮೇಲೆ

ಕ್ಯಾನ್ಸರ್ ಕೋಶ ಆಮ್ಲಜನಕ ಇದ್ದಾಗಲೂ ಗ್ಲೂಕೋಸನ್ನು ಗಬಗಬ ತಿಂದು ಲ್ಯಾಕ್ಟಿಕ್ ಆಮ್ಲ ಹೊರಗೆ ಬಿಡುತ್ತದೆ. ಜರ್ಮನ್ ವಿಜ್ಞಾನಿ ಆಟೊ ವಾರ್ಬರ್ಗ್ ಇದನ್ನು 1920ರ ದಶಕದಲ್ಲೇ ಕಂಡಿದ್ದರು. ಈ ಹುಳಿಯಲ್ಲಿ ಟಿ ಕೋಶ, ಅಂದರೆ ಕ್ಯಾನ್ಸರ್ ಜತೆ ಹೋರಾಡುವ ರೋಗನಿರೋಧಕ ಕೋಶ, ಗಡ್ಡೆಯೊಳಗೆ ಹೋಗುತ್ತಾ, ಅಂಚಿನಲ್ಲೇ ನಿಲ್ಲುತ್ತಾ ಅನ್ನುವುದು ನನ್ನ ಪ್ರಶ್ನೆ.

ನಾನು ಬಳಸಿದ ಎರಡು ಪ್ರಯೋಗ ವಿಧಾನಗಳಲ್ಲಿ ಟ್ರಾನ್ಸ್‌ವೆಲ್ ಸುಲಭ. 5 ಮೈಕ್ರೊಮೀಟರ್ ತೂತುಗಳ ಪೊರೆ, ಮೇಲೆ ಟಿ ಕೋಶ, ಕೆಳಗೆ ಅವನ್ನು ಸೆಳೆಯುವ ಪ್ರೋಟೀನ್, ಕೀಮೊಕೈನ್. ಕೆಲವೇ ಗಂಟೆಗಳಲ್ಲಿ ಎಷ್ಟು ಇಳಿದಿವೆ ಅಂತ ಎಣಿಸಬಹುದು. ಲ್ಯಾಕ್ಟೇಟ್ (ಲ್ಯಾಕ್ಟಿಕ್ ಆಮ್ಲದ ಹುಳಿಯಿಲ್ಲದ ರೂಪ) ಬೇರೆ, ಹುಳಿ ಬೇರೆ ಮಾಡಿ ನೋಡಲು ಇದೇ ಸರಿ. ಸೋಡಿಯಂ ಲ್ಯಾಕ್ಟೇಟ್ ಹಾಕಿದರೆ ಪಿಎಚ್ ಅಷ್ಟಾಗಿ ಕದಲುವುದಿಲ್ಲ. ಲ್ಯಾಕ್ಟಿಕ್ ಆಮ್ಲ ಹಾಕಿದರೆ ಕೆಂಪಗಿದ್ದ ಮೀಡಿಯಾ (ಕೋಶ ಬೆಳೆಸುವ ದ್ರವ) ಕಣ್ಣೆದುರೇ ಹಳದಿಯಾಗುತ್ತದೆ. ನನ್ನ ಸಿಡಿ8 ಕೋಶಗಳ (ಕ್ಯಾನ್ಸರ್ ಕೋಶವನ್ನು ನೇರ ಕೊಲ್ಲುವ ಟಿ ಕೋಶಗಳ) ಓಡಾಟ ಕುಗ್ಗಿದ್ದು ಆಮ್ಲದಲ್ಲಿ. ಆದರೆ ಇಲ್ಲಿ ಗಡ್ಡೆಯೇ ಇಲ್ಲವಲ್ಲ! ಪೊರೆ ದಾಟುವುದೂ ಗಡ್ಡೆಗೆ ನುಗ್ಗುವುದೂ ಒಂದೇ ಅಲ್ಲ.

ಸ್ಫೆರಾಯ್ಡ್‌ಗೆ, ಅಂದರೆ ಕ್ಯಾನ್ಸರ್ ಕೋಶಗಳ ಪುಟ್ಟ ಉಂಡೆಗೆ, ಒಳಗು-ಹೊರಗು ಇದೆ. ತಳ ಗುಂಡಗಿರುವ, ಕೋಶ ಅಂಟದ ಪ್ಲೇಟಿನಲ್ಲಿ ಕ್ಯಾನ್ಸರ್ ಕೋಶಗಳು ತಾವೇ ಉಂಡೆಗಟ್ಟುತ್ತವೆ. ಉಂಡೆ ಅರ್ಧ ಮಿಲಿಮೀಟರ್ ದಾಟಿದರೆ ನಡುವಿಗೆ ಆಮ್ಲಜನಕ ಸರಿಯಾಗಿ ತಲುಪುವುದಿಲ್ಲ, ಥೇಟ್ ಗಡ್ಡೆಯಲ್ಲಿ ಆಗುವ ಹಾಗೆ. ಹಸಿರು ಬಣ್ಣ ಹಚ್ಚಿದ ಟಿ ಕೋಶ ಬಿಟ್ಟು ನೋಡಿದರೆ ಅಂಚಿನಲ್ಲಿ ದಟ್ಟ ಉಂಗುರ, ಒಳಗೆ ಅಲ್ಲೊಂದು ಇಲ್ಲೊಂದು ಚುಕ್ಕೆ. ಲ್ಯಾಕ್ಟೇಟ್ ತಯಾರಿಸುವ ಕಿಣ್ವದ ಜೀನ್ ಎಲ್‌ಡಿಎಚ್‌ಎ. ಅದನ್ನು ತೆಗೆದ ಕ್ಯಾನ್ಸರ್ ಕೋಶಗಳು ಲ್ಯಾಕ್ಟೇಟ್ ಕಮ್ಮಿ ಮಾಡುತ್ತವೆ. ಆ ಉಂಡೆಯಲ್ಲಿ ಚುಕ್ಕೆಗಳು ಸ್ಪಷ್ಟವಾಗಿ ಒಳಗಿಳಿದಿದ್ದವು. ಇದನ್ನು ನೋಡಿದಾಗ ಆದ ಖುಷಿ ಟ್ರಾನ್ಸ್‌ವೆಲ್‌ನ ಯಾವ ಗ್ರಾಫಿನಲ್ಲೂ ಸಿಕ್ಕಿರಲಿಲ್ಲ.

ಕೆಲಸ ಮಾತ್ರ ಜಾಸ್ತಿ. ಪಿಪೆಟ್ ಟಿಪ್ಪಿನ ತುದಿ ಕತ್ತರಿಸಿ ಅಗಲ ಮಾಡದಿದ್ದರೆ ಉಂಡೆ ಒಡೆದು ಹೋಗುತ್ತದೆ. ಕಾನ್ಫೋಕಲ್ ಸೂಕ್ಷ್ಮದರ್ಶಕದ ಬೆಳಕು ನಡುವಿನವರೆಗೆ ಇಳಿಯುವುದಿಲ್ಲ. ಹಾಗಾಗಿ ನಡು ಕಪ್ಪಗೆ ಕಂಡರೆ ಅಲ್ಲಿ ಟಿ ಕೋಶ ಇಲ್ಲ ಅಂತ ಬರೆದುಬಿಡಬೇಡಿ. ಉಂಡೆಯನ್ನು ಫ್ರೀಜ್ ಮಾಡಿ, ತೆಳ್ಳಗೆ ಸೀಳಿ ನೋಡಲೇಬೇಕು.

ಯಾವುದನ್ನೇ ಆರಿಸಿ, ಮೀಡಿಯಾ ಮೊದಲು ನೋಡಿಕೊಳ್ಳಿ. ಮಾಮೂಲಿಯಾಗಿ ಬಳಸುವ ಮೀಡಿಯಾ ಆರ್‌ಪಿಎಂಐ 1640ರಲ್ಲಿ ಗ್ಲೂಕೋಸ್ ಸುಮಾರು 11 ಮಿಲಿಮೋಲಾರ್. ರಕ್ತದಲ್ಲಿರುವುದು 5ರ ಆಸುಪಾಸು. ಅಷ್ಟು ಸಕ್ಕರೆ ಸುರಿದರೆ ಟಿ ಕೋಶಕ್ಕೆ ಹಸಿವೆಲ್ಲಿಂದ ಬರಬೇಕು, ಅಲ್ವಾ? ಗ್ಲೂಕೋಸ್ ಇಲ್ಲದ ಮೀಡಿಯಾ ತಂದು, ಬೇಕಾದಷ್ಟು ನಾವೇ ಸೇರಿಸಿಕೊಳ್ಳುವುದು ಒಳ್ಳೆಯದು.

ನನ್ನ ಆಯ್ಕೆ ಸ್ಫೆರಾಯ್ಡ್. ಟ್ರಾನ್ಸ್‌ವೆಲ್ ಅನ್ನು ಮೊದಲ ಸುತ್ತಿಗೆ ಇಟ್ಟುಕೊಂಡಿದ್ದೇನೆ. ಎರಡರಲ್ಲೂ ರಕ್ತನಾಳ ಇಲ್ಲ, ಮ್ಯಾಕ್ರೊಫೇಜ್ (ಮೈಲಾಯ್ಡ್ ಗುಂಪಿನ ರೋಗನಿರೋಧಕ ಕೋಶ) ಇಲ್ಲ. ಇಲಿಯ ಗಡ್ಡೆಗಳಲ್ಲಿ ಒಂದೊಂದು ಕೋಶದ ಲೆಕ್ಕದಲ್ಲಿ ಅತಿ ಹೆಚ್ಚು ಗ್ಲೂಕೋಸ್ ಎಳೆಯುವುದು ಕ್ಯಾನ್ಸರ್ ಕೋಶವಲ್ಲ, ಮೈಲಾಯ್ಡ್ ಕೋಶ ಅಂತ 2021ರಲ್ಲಿ ಗೊತ್ತಾಯಿತು. ಹಾಗಾಗಿ ಮುಂದಿನ ಉಂಡೆಗಳಿಗೆ ಮ್ಯಾಕ್ರೊಫೇಜ್ ಬೆರೆಸುತ್ತಿದ್ದೇನೆ.