ಕಿವಿ ತರಬೇತಿ ಆ್ಯಪ್: ಎರಡೂವರೆ ವರ್ಷ ಬಳಸಿದ ಮೇಲೆ

ನನಗೆ ಬೇಕಾಗಿದ್ದು ಒಂದೇ. ಒಂದು ರಾಗದ ಎಳೆ ಕಿವಿಗೆ ಬಿದ್ದರೆ ಅದರ ಸ್ವರಗಳನ್ನು ಬರೆದುಕೊಳ್ಳಲು ಬರಬೇಕು. ಸ್ವರಲಿಪಿ ನೋಡಿ ಕೀಬೋರ್ಡ್ ನುಡಿಸುತ್ತೇನೆ, ಅದಕ್ಕೇನೂ ಕಷ್ಟವಿಲ್ಲ. ಆದರೆ ಕೇಳಿದ್ದನ್ನು ಕಾಗದಕ್ಕೆ ಇಳಿಸಲು ಹೋದರೆ ಕೈ ನಿಂತೇಬಿಡುತ್ತಿತ್ತು. ಅದಕ್ಕಾಗಿ ಎರಡೂವರೆ ವರ್ಷದ ಹಿಂದೆ ಈ ಆ್ಯಪ್ ಹಾಕಿಕೊಂಡೆ. ದಿನಕ್ಕೆ ಹದಿನೈದು ನಿಮಿಷ, ತಪ್ಪಿದರೆ ವಾರಕ್ಕೊಂದು ದಿನ ತಪ್ಪಿರಬಹುದು. ಆ್ಯಪಿನ ಹೆಸರು ಬರೆಯುತ್ತಿಲ್ಲ. ಈ ಬಗೆಯವು ಹೆಚ್ಚು ಕಡಿಮೆ ಒಂದೇ ಅಚ್ಚಿನವು, ನೀವು ಯಾವುದನ್ನು ಬಳಸಿದರೂ ಇಲ್ಲಿರುವ ಮಾತು ಅನ್ವಯಿಸುತ್ತದೆ.

ಇದರಲ್ಲಿ ನಾಲ್ಕು ಭಾಗಗಳಿವೆ: ಇಂಟರ್ವಲ್, ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು), ಲಯ, ಡಿಕ್ಟೇಶನ್ (ಕೇಳಿದ್ದನ್ನು ಬರೆಯುವುದು). ತೆರೆದ ಕೂಡಲೇ ಎದುರಿಗೆ ಬರುವುದು ಇಂಟರ್ವಲ್. ಎರಡು ಸ್ವರ ನುಡಿಯುತ್ತದೆ, ನಡುವಿನ ಅಂತರ ಎಷ್ಟು ಅಂತ ನಾವು ಬಟನ್ ಒತ್ತಬೇಕು. ಸದಿಂದ ಮೇಲಿನ ಸವರೆಗೆ, ಅಂದರೆ ಒಂದು ಸ್ಥಾಯಿಯಲ್ಲಿ, 12 ಅರ್ಧ ಮೆಟ್ಟಿಲು (ಕೀಬೋರ್ಡಿನ ಒಂದು ಕೀಯಿಂದ ಪಕ್ಕದ ಕೀಗೆ ಇರುವ ಅಂತರ), ಹಾಗಾಗಿ 12 ಬಟನ್. ಆರು ತಿಂಗಳು ಇದನ್ನೇ ಮಾಡಿದೆ. ನೂರಕ್ಕೆ ತೊಂಬತ್ತು ಸರಿ ಬರುವ ಮಟ್ಟಕ್ಕೆ ಬಂದೆ. ಆಮೇಲೆ ಡಿಕ್ಟೇಶನ್ ತೆರೆದರೆ, ನಾಲ್ಕು ಅಳತೆಯ (ಅಳತೆ ಅಂದರೆ ತಾಳದ ಒಂದು ಸುತ್ತು, ಬಾರ್) ಸರಳ ಎಳೆಯಲ್ಲಿ ಮೊದಲ ಮೂರು ಸ್ವರ ಬರೆಯುವಷ್ಟರಲ್ಲಿ ಉಳಿದದ್ದೆಲ್ಲ ಮುಗಿದು ಹೋಗಿತ್ತು. ತುಂಬಾ ಬೇಸರವಾಯಿತು.

ಯಾಕೆ ಹೀಗಾಯಿತು ಅಂತ ಅರ್ಥವಾಗಲು ಸಮಯ ಹಿಡಿಯಿತು. ಸ–ಗ ತೆಗೆದುಕೊಳ್ಳಿ, ಇಲ್ಲಿ ಗ ಅಂದರೆ 'ಅಂತರ ಗಾಂಧಾರ' ಅನ್ನುವ ಸ್ವರ. ನಡುವೆ ನಾಲ್ಕು ಅರ್ಧ ಮೆಟ್ಟಿಲು. ಶುದ್ಧ ಮಧ್ಯಮದಿಂದ (ಮ) ಚತುಶ್ರುತಿ ಧೈವತಕ್ಕೂ (ದ) ನಾಲ್ಕೇ. ಪಂಚಮದಿಂದ (ಪ) ಕಾಕಲಿ ನಿಷಾದಕ್ಕೂ (ನಿ) ನಾಲ್ಕೇ. ಆ್ಯಪಿಗೆ ಮೂರೂ ಒಂದೇ ಬಟನ್. ಆದರೆ ಹಾಡಿನೊಳಗೆ ಮೂರೂ ಬೇರೆ ಬೇರೆಯಾಗಿ ಕೇಳುತ್ತವೆ, ಅಲ್ವಾ? ಪ–ನಿ ಕೇಳಿದ ತಕ್ಷಣ ಕಿವಿ ಮೇಲಿನ ಸ ಬರಲಿ ಅಂತ ಕಾಯುತ್ತದೆ. ಸ–ಗದಲ್ಲಿ ಆ ತವಕವೇ ಇಲ್ಲ, ಮನೆಯಲ್ಲೇ ಕೂತಂತೆ ಇರುತ್ತದೆ. ಆಧಾರ ಸ್ವರವನ್ನು, ಅಂದರೆ ಸವನ್ನು, ಬಿಟ್ಟು ಬರೀ ಅಂತರ ಎಣಿಸಿದರೆ ಈ ವ್ಯತ್ಯಾಸ ಸಿಗುವುದೇ ಇಲ್ಲ. ಹಾಡು ಓಡುವಾಗ ಒಂದೊಂದು ಅಂತರ ಎಣಿಸುತ್ತಾ ಕೂರಲು ಪುರುಸೊತ್ತೂ ಇರುವುದಿಲ್ಲ. ಒಂದು ಅಂತರ ತಪ್ಪಿದರೆ ಮುಂದಿನ ಸ್ವರಗಳೆಲ್ಲ ಸಾಲಾಗಿ ತಪ್ಪು.

ಈ ಆ್ಯಪಿನ ಸೆಟ್ಟಿಂಗ್ಸ್ ಒಳಗೆ ಇನ್ನೊಂದು ವಿಧಾನ ಇದೆ. ಮೊದಲು ನಾಲ್ಕು ಕಾರ್ಡ್ ನುಡಿಸಿ ಆಧಾರ ಸ್ವರ ಯಾವುದು ಅಂತ ಕಿವಿಯಲ್ಲಿ ಕೂರಿಸುತ್ತದೆ. ಆಮೇಲೆ ಒಂದೇ ಒಂದು ಸ್ವರ. ಅದು ರಿಯೋ, ಮವೋ, ದವೋ ಅಂತ ಹೇಳಬೇಕು. ನನ್ನ ಮಟ್ಟಿಗೆ ಇಡೀ ಆ್ಯಪಿನಲ್ಲಿ ಬೆಲೆಬಾಳುವುದು ಇದೇ. ಇದನ್ನು ಮೂರು ಪುಟ ಒಳಗೆ ಬಚ್ಚಿಟ್ಟಿದ್ದಾರೆ, ನನಗೆ ಸಿಕ್ಕಿದ್ದು ಏಳನೇ ತಿಂಗಳಲ್ಲಿ. ಹೊಸದಾಗಿ ಶುರು ಮಾಡುವವರು ದಯವಿಟ್ಟು ಇಲ್ಲಿಂದಲೇ ಶುರು ಮಾಡಿ.

ಒಂದು ತಪ್ಪು ನನ್ನನ್ನು ತಿಂಗಳುಗಟ್ಟಲೆ ಕಾಡಿತು. ಸ–ಪ ಏಳು ಅರ್ಧ ಮೆಟ್ಟಿಲು. ಅದೇ ಪದಿಂದ ಮೇಲಿನ ಸಕ್ಕೆ ಹೋದರೆ ಐದು. ಎರಡರಲ್ಲೂ ಇರುವುದು ಅದೇ ಸ, ಅದೇ ಪ. ಕಿವಿಗೆ 'ಸ ಪ ಇದೆ' ಅಂತ ಗೊತ್ತಾಗುತ್ತಿತ್ತು, ಯಾವುದು ಕೆಳಗೆ ಯಾವುದು ಮೇಲೆ ಅನ್ನುವುದು ಗೊತ್ತಾಗುತ್ತಿರಲಿಲ್ಲ. ಅಂತರ ಎಣಿಸಿ ಇದು ಸರಿಹೋಗಲಿಲ್ಲ, ಬಾಯಲ್ಲಿ ಹಾಡಿಯೇ ಸರಿಹೋಯಿತು. ಸ್ವರ ಕೇಳಿದ ಮೇಲೆ ಬಟನ್ ಒತ್ತುವ ಮೊದಲು ಅಲ್ಲಿಂದ ಸಕ್ಕೆ ಒಂದೊಂದೇ ಮೆಟ್ಟಿಲು ಇಳಿದು ಹಾಡುತ್ತಿದ್ದೆ. ಪ ಮ ಗ ರಿ ಸ. ಮೂರು ವಾರ ಕಳೆಯುವಷ್ಟರಲ್ಲಿ ಇಳಿಯುವ ಅಗತ್ಯವೇ ಬೀಳಲಿಲ್ಲ.

ಇನ್ನು ಡಿಕ್ಟೇಶನ್. ನಾಲ್ಕು ಸಲ ಕೇಳಲು ಬಿಡುತ್ತದೆ. ಮೊದಲ ಸಲ ನಾನು ಪೆನ್ಸಿಲ್ ಮುಟ್ಟುವುದೇ ಇಲ್ಲ. ಸುಮ್ನೆ ಕೇಳುತ್ತೇನೆ. ಮುಗಿದ ಮೇಲೆ ಮನಸ್ಸಿನಲ್ಲೇ ಪೂರ್ತಿ ಒಮ್ಮೆ ಹಾಡಿಕೊಳ್ಳುತ್ತೇನೆ. ಅಲ್ಲಲ್ಲಿ ತೂತು ಬಿದ್ದರೂ ಪರವಾಗಿಲ್ಲ. ಎರಡನೇ ಸಲ ಬರೀ ಲಯ: ಕಾಗದದ ಮೇಲೆ ಚುಕ್ಕಿ, ಗೀಟು, ಅಷ್ಟೇ. ಜೊತೆಗೆ ಕೊನೆಯ ಸ್ವರ ಬರೆದುಬಿಡುತ್ತೇನೆ, ಯಾಕೆಂದರೆ ಅದು ಕಿವಿಯಲ್ಲಿ ಬಿಸಿಬಿಸಿಯಾಗಿ ಇರುತ್ತದೆ. ಮೂರನೇ ಸಲ ಸ್ವರಗಳು. ಒಂದೊಂದಾಗಿ ಹಿಡಿಯಲು ಹೋಗುವುದಿಲ್ಲ. 'ಗ ರಿ ಸ', 'ಸ ಗ ಪ' ಇಂಥ ಗುಚ್ಛಗಳು ಒಂದೇ ಮಾತಿನಂತೆ ಕೇಳಿಸುವವರೆಗೆ ಅಭ್ಯಾಸ ಮಾಡಿದ್ದೇನೆ. ನಾಲ್ಕನೆಯದು ತೂತು ಮುಚ್ಚಲು. ಈ ಕ್ರಮಕ್ಕೆ ಬಂದ ಮೇಲೆ, ಆರು ತಿಂಗಳಲ್ಲಿ ಆಗದ್ದು ಎರಡು ತಿಂಗಳಲ್ಲಿ ಆಯಿತು. ನೆನಪಿನಲ್ಲಿ ನಿಂತದ್ದನ್ನು ಮಾತ್ರ ಬರೆಯಲು ಸಾಧ್ಯ. ನನಗೆ ಕಿವಿಗಿಂತ ಜಾಸ್ತಿ ತರಬೇತಿ ಬೇಕಿದ್ದದ್ದು ನೆನಪಿಗೆ.

ಕೊರತೆಗಳೂ ಇವೆ. ದೊಡ್ಡದು ಅಂದರೆ ಪಿಯಾನೋ ಬಿಟ್ಟು ಬೇರೆ ದನಿ ಇಲ್ಲ. ಒಂದು ವರ್ಷ ಪಿಯಾನೋ ಕೇಳಿ ಪಳಗಿದ ಕಿವಿಗೆ ಪಿಟೀಲಿನಲ್ಲಿ ಅದೇ ಸ್ವರ ಗುರುತು ಸಿಗಲಿಲ್ಲ. ಹಾಗಾಗಿ ವಾರಕ್ಕೆ ಎರಡು ದಿನ ಆ್ಯಪ್ ಬದಿಗಿಟ್ಟು, ನಿಜವಾದ ಹಾಡಿನ ಹತ್ತು ಸೆಕೆಂಡು ತೆಗೆದುಕೊಂಡು ಬರೆಯುತ್ತೇನೆ.

ಹಾಡಿ ತೋರಿಸುವ ಪರೀಕ್ಷೆಯೂ ಇದೆ, ಅದರ ಮೇಲೆ ನನಗೆ ನಂಬಿಕೆ ಇಲ್ಲ. ಕಾರಣ ಇದೆ. ಆಧಾರ ಶ್ರುತಿಗೆ ಕೂಡಿಸಿ ಹಾಡಿದರೆ ಗಾಂಧಾರದ ಕಂಪನ ಸದ ಕಂಪನಕ್ಕೆ 5:4 ಅನುಪಾತಕ್ಕೆ ಹೋಗಿ ಕೂರುತ್ತದೆ, ಅಂದರೆ ಸದಿಂದ ಸುಮಾರು 386 ಸೆಂಟ್ ಮೇಲೆ. ಪಿಯಾನೋದ ಗಾಂಧಾರ 400 ಸೆಂಟ್. ಒಂದು ಅರ್ಧ ಮೆಟ್ಟಿಲಿಗೆ 100 ಸೆಂಟ್ ಲೆಕ್ಕ. ಆ್ಯಪಿನ ಕಟ್ಟುನಿಟ್ಟಿನ ಮಟ್ಟದಲ್ಲಿ ಬಿಡುವ ರಿಯಾಯಿತಿ ಹತ್ತೇ ಸೆಂಟ್. ಶ್ರುತಿ ಪೆಟ್ಟಿಗೆ ಹಾಕಿಕೊಂಡು ಇಂಪಾಗಿ ಹಾಡಿದ ಗಾಂಧಾರಕ್ಕೆ 'ತಗ್ಗು' ಅಂತ ಕೆಂಪು ಗುರುತು ಬರುತ್ತದೆ. ಅದನ್ನು ನಂಬಿ ದನಿ ಏರಿಸಿಕೊಳ್ಳಬೇಡಿ. ನಾನು ಆ ಪರೀಕ್ಷೆಯನ್ನು ಸಡಿಲ ಮಟ್ಟದಲ್ಲಿ ಇಟ್ಟುಕೊಂಡಿದ್ದೇನೆ.

ಲಯದ ಭಾಗಕ್ಕೆ ತಂತಿ ಇರುವ ಹೆಡ್‌ಫೋನ್ ಬೇಕೇ ಬೇಕು. ಬ್ಲೂಟೂತ್‌ನಲ್ಲಿ ಶಬ್ದ ತಡವಾಗಿ ಬರುತ್ತದೆ. ನಿಮಿಷಕ್ಕೆ 120 ಬಡಿತದ ವೇಗದಲ್ಲಿ ಒಂದು ಬಡಿತ ಅರ್ಧ ಸೆಕೆಂಡು, ಅದರ ಕಾಲು ಭಾಗ 0.125 ಸೆಕೆಂಡು. ಬ್ಲೂಟೂತ್ ಅಷ್ಟು ತಡ ಮಾಡಿದರೂ ಸಾಕು, ಸರಿಯಾಗಿ ತಟ್ಟಿದ್ದೂ ತಪ್ಪಾಗುತ್ತದೆ. ಎರಡು ವಾರ ನನ್ನ ಲಯವೇ ಕೆಟ್ಟಿದೆ ಅಂದುಕೊಂಡು ಒದ್ದಾಡಿದೆ. ಕಾರ್ಡ್‌ಗಳಿಗೂ ಇದೇ ಮಾತು. ಮೊಬೈಲಿನ ಪುಟ್ಟ ಸ್ಪೀಕರ್ ತಗ್ಗು ಸ್ವರಗಳನ್ನು ಸರಿಯಾಗಿ ಹೊರಡಿಸುವುದಿಲ್ಲ. ಕಾರ್ಡಿನ ಅಡಿಯಲ್ಲಿರುವ ಸ್ವರವೇ ಕೇಳದಿದ್ದರೆ ಅದು ಯಾವ ತಿರುವಿನಲ್ಲಿದೆ, ಅಂದರೆ ಯಾವ ಸ್ವರ ಅಡಿಗೆ ಬಂದಿದೆ ಅಂತ ಹೇಗೆ ಗೊತ್ತಾಗಬೇಕು?

ಕಳೆದ ವರ್ಷ ಒಂದು ಅಪ್‌ಡೇಟ್ ಬಂದಾಗ ನನ್ನ ಹಳೆಯ ತಪ್ಪುಗಳ ದಾಖಲೆಯೆಲ್ಲ ಅಳಿಸಿ ಹೋಯಿತು. ಬರೆದು ಕೇಳಿದೆ. ಉತ್ತರ ಬಂತು, ದಾಖಲೆ ಬರಲಿಲ್ಲ. ಯಾವ ಸ್ವರದಲ್ಲಿ ಎಡವುತ್ತೇನೆ ಅನ್ನುವುದೇ ಇದರಲ್ಲಿ ಅತಿ ಬೆಲೆಯ ಮಾಹಿತಿ. ಅವತ್ತಿನಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಎಡಕ್ಕೆ ನುಡಿದ ಸ್ವರ, ಬಲಕ್ಕೆ ನಾನು ಬರೆದದ್ದು. ನನ್ನ ಪುಟಗಳಲ್ಲಿ 'ದ' ಇದ್ದ ಕಡೆ 'ಪ' ಅಂತ ಬರೆದದ್ದೇ ಜಾಸ್ತಿ, ಅದೂ ಇಳಿಯುವ ಎಳೆಗಳಲ್ಲಿ ಮಾತ್ರ. ಆ್ಯಪ್ ಯಾವತ್ತೂ ಇದನ್ನು ತೋರಿಸಿರಲಿಲ್ಲ, ಏರುವುದು ಇಳಿಯುವುದು ಎರಡನ್ನೂ ಒಂದೇ ಲೆಕ್ಕಕ್ಕೆ ಸೇರಿಸುತ್ತದೆ.

ಈಗ ಒಂದೇ ದನಿಯ ಎಂಟು ಅಳತೆಯ ಎಳೆಯನ್ನು ನಾಲ್ಕು ಸಲ ಕೇಳಿ ಬರೆಯುತ್ತೇನೆ. ತಪ್ಪು ಒಂದೋ ಎರಡೋ. ಒಂದು ಸ್ವರವನ್ನೂ ಬರೆಯಲಾಗದ ದಿನಗಳಿಂದ ಇಲ್ಲಿಗೆ ಬಂದದ್ದು ನನಗೆ ನಿಜಕ್ಕೂ ದೊಡ್ಡ ಖುಷಿ. ಚಂದಾ ಮುಂದುವರಿಸಿದ್ದೇನೆ, ಡಿಕ್ಟೇಶನ್ ಮತ್ತು ಆಧಾರ ಸ್ವರದ ವಿಧಾನ ಎರಡಕ್ಕಾಗಿ. ಬರೀ ಇಂಟರ್ವಲ್ ಅಭ್ಯಾಸ ಸಾಕು ಅನ್ನುವವರು ಹಣ ಕೊಡಬೇಕಾಗಿಲ್ಲ, ಅದು ಉಚಿತ ಭಾಗದಲ್ಲೇ ಇದೆ. ಈ ತಿಂಗಳು ಎರಡು ದನಿಯ ಪಾಠ ಶುರು ಮಾಡಿದ್ದೇನೆ. ಮೇಲಿನ ದನಿ ಸಿಗುತ್ತದೆ, ಕೆಳಗಿನದು ಮೂರನೇ ಸಲಕ್ಕೂ ಪೂರ್ತಿ ಸಿಗುತ್ತಿಲ್ಲ. ಅದಕ್ಕೆ ನಿನ್ನೆಯಿಂದ ಮೊದಲ ಸಲ ಬರೀ ಕೆಳಗಿನದನ್ನೇ ಕೇಳುತ್ತಿದ್ದೇನೆ.